ಖಾಲಿ ಕಾಲಮಿನ ಮೂವತ್ತೊಂದು ಜನ

ಯಾವ ಪಕ್ಷಕ್ಕೂ ಸೇರದ ಮೂವತ್ತೊಂದು ಜನರನ್ನು ಒಂದು ಕಡೆ ಕೂರಿಸಿ ಒಂದೇ ಮಾತಿಗೆ ಒಪ್ಪಿಸುವ ಕೆಲಸ ನನ್ನ ಶತ್ರುವಿಗೂ ಬೇಡ. ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಕಪ್ಪೆಗಳಿಗೆ ತಾವು ಯಾರ ತಕ್ಕಡಿಗೂ ಸೇರಿದವರಲ್ಲ ಎಂಬ ಹೆಮ್ಮೆ ಇರುವುದಿಲ್ಲ. ನಮ್ಮವರಿಗೆ ಅದೂ ಇದೆ.

ನಾನು ರೈಲ್ವೆ ಮೇಲ್ಸೇತುವೆಯ ಮೆಟ್ಟಿಲ ಬುಡದಲ್ಲಿ ಆಲ್ಟರೇಷನ್ ಅಂಗಡಿ ಇಟ್ಟುಕೊಂಡವಳು. ಹೊಸ ಬಟ್ಟೆ ಹೊಲಿಯುವುದಿಲ್ಲ. ಬೇರೆಯವರು ಹೊಲಿದು ಕೆಡಿಸಿದ್ದನ್ನು ಬಿಚ್ಚಿ ಸರಿಮಾಡುತ್ತೇನೆ. ಯಾರ ಸೊಂಟ ವರ್ಷಕ್ಕೆ ಎಷ್ಟು ಬೆರಳು ಹಿಗ್ಗುತ್ತದೆ, ಯಾರ ಮನೆಯಲ್ಲಿ ಅಣ್ಣನ ಪ್ಯಾಂಟು ತಮ್ಮನಿಗೆ ಇಳಿಯುತ್ತದೆ, ಎಲ್ಲ ಗೊತ್ತು. ಮೂಗಿನ ತುದಿಯಲ್ಲೇ ಸಿಟ್ಟು ಅಂತ ಬೀದಿಯವರು ನನ್ನ ಬಗ್ಗೆ ಹೇಳುತ್ತಾರೆ. ಹೇಳಲಿ. ನಾಳೆಗೇ ಬೇಕು ಅಂತ ತಲೆ ತಿಂದು, ಮೂರು ತಿಂಗಳು ಬಿಟ್ಟು ಬಂದು, ಇದೇನು ಬಿಗಿಯಾಗಿದೆ ಅನ್ನುವವರನ್ನು ಇಪ್ಪತ್ತೆರಡು ವರ್ಷ ನೋಡಿದ್ದೇನೆ. ಸಿಟ್ಟು ಮೂಗಿನ ತುದಿಗೆ ಬಾರದೆ ಇನ್ನೆಲ್ಲಿಗೆ ಬರಬೇಕು.

ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾವು ಮೂರು ಜನ ಇರುವುದು: ನಾನು, ಬ್ರೆಡ್ಡಿನ ಬೇಕರಿಯಲ್ಲಿ ಕೆಲಸ ಮಾಡುವ ನಮ್ಮನೆಯವರು, ಮತ್ತು ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ. ಭಾವ ಹೋದ ಮೇಲೆ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ಹಳಿಯ ಆಚೆ ಬದಿಯ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಅವಳ ಕೆಲಸ. ಒಗೆದು ಬಂದ ಹಾಸಿಗೆ ಬಟ್ಟೆಗಳನ್ನು ಮಡಿಸಬೇಕು, ಹರಿದದ್ದನ್ನು ಬೇರೆ ಮಾಡಬೇಕು, ಮಹಡಿಗೆ ಇಷ್ಟು ಅಂತ ಪೇರಿಸಿ ಕಳಿಸಬೇಕು. ಬೆಳಿಗ್ಗೆ ಏಳಕ್ಕೆ ಹಾಜರಿ.

ಅಕ್ಕನ ಎಡಸೊಂಟದ ಕೀಲು ಸವೆದುಹೋಗಿದೆ. ಮಟ್ಟಸವಾದ ನೆಲದಲ್ಲಿ ಹೇಗೋ ಕುಂಟಿಕೊಂಡು ನಡೆಯುತ್ತಾಳೆ. ಮೆಟ್ಟಿಲು ಬಂದರೆ ಎರಡು ಕೈಯಲ್ಲೂ ಕಂಬಿ ಹಿಡಿದು, ಬಲಗಾಲು ಮೇಲಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಳ್ಳಬೇಕು. ಸೇತುವೆಗೆ ಎಪ್ಪತ್ತೆರಡು ಮೆಟ್ಟಿಲು. ಪಕ್ಕದಲ್ಲೇ ಪುರಸಭೆಯ ಲಿಫ್ಟ್ ಇದೆ. ಅದು ಕೆಟ್ಟು ಹನ್ನೊಂದು ತಿಂಗಳಾಯಿತು. ಬಾಗಿಲಿಗೆ ದುರಸ್ತಿಯಲ್ಲಿದೆ ಎಂಬ ಬೋರ್ಡು ಹಾಕಿದ್ದಾರೆ. ಆ ಬೋರ್ಡನ್ನೇ ಎರಡು ಸಲ ದುರಸ್ತಿ ಮಾಡಿದರು, ಲಿಫ್ಟನ್ನು ಮಾಡಲಿಲ್ಲ.

ಸುತ್ತಿಕೊಂಡು ಹೋಗೋಣವೆಂದರೆ ಎರಡು ಬಸ್ಸು ಬದಲಿಸಬೇಕು, ಮೊದಲ ಬಸ್ಸೇ ಆರೂವರೆಗೆ. ಆಸ್ಪತ್ರೆ ಮುಟ್ಟುವುದರೊಳಗೆ ಏಳೂ ಮುಕ್ಕಾಲು. ಹಾಗೆ ಕೆಲವು ವಾರ ಹೋಗಿ ನೋಡಿದ್ದಕ್ಕೆ, ಇನ್ನು ತಡವಾದರೆ ಬೇರೆಯವರನ್ನು ನೇಮಿಸಿಕೊಳ್ಳುತ್ತೇವೆ ಅಂತ ಮೇಲಿನವರು ಬರೆದೇ ಕೊಟ್ಟರು. ಪಿಂಚಣಿಗೆ ಇನ್ನು ನಾಲ್ಕು ವರ್ಷ ಬಾಕಿ. ಡಾಕ್ಟರೋ, ದಿನಾ ಹೀಗೆ ಹತ್ತಿಳಿದರೆ ಒಂದು ವರ್ಷದಲ್ಲಿ ಗಾಲಿಕುರ್ಚಿ ಅಂದಿದ್ದಾರೆ. ಕೆಲಸ ಉಳಿಸಿಕೊಂಡರೆ ಸೊಂಟ ಹೋಗುತ್ತದೆ, ಸೊಂಟ ಉಳಿಸಿಕೊಂಡರೆ ಕೆಲಸ ಹೋಗುತ್ತದೆ. ಎರಡೂ ಉಳಿಯಬೇಕಾದರೆ ಲಿಫ್ಟ್ ಓಡಬೇಕು.

ಪುರಸಭೆಯಲ್ಲಿ ಹದಿಮೂರು ಸದಸ್ಯರು. ಹೊಸ ಪಕ್ಷದ ಆರು ಜನ ಲಿಫ್ಟ್ ರಿಪೇರಿ ಆಗಲಿ ಅನ್ನುತ್ತಾರೆ. ಹಳೆಯ ಪಕ್ಷದ ಆರು ಜನ ಅದನ್ನು ಕಿತ್ತು ಹಾಕಿ ಆ ಜಾಗದಲ್ಲಿ ಗಾಡಿ ನಿಲ್ಲಿಸೋಣ ಅನ್ನುತ್ತಾರೆ. ಹೊಸ ಪಕ್ಷ ಅಂದರೆ ನಿನ್ನೆ ಮೊನ್ನೆಯದಲ್ಲ. ಅದಕ್ಕೂ ನಲವತ್ತು ದಾಟಿ ಮಂಡಿನೋವು ಶುರುವಾಗಿದೆ. ಹದಿಮೂರನೆಯವನು ನಮ್ಮ ವಾರ್ಡಿನವನು. ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತ ಹನ್ನೊಂದು ತಿಂಗಳು ಕಳೆದು, ಒಂದು ದಿನ ರಾಜೀನಾಮೆ ಕೊಟ್ಟು ಮಗಳ ಊರಿಗೆ ಹೊರಟುಹೋದ. ನಮ್ಮ ವಾರ್ಡಿಗೆ ಉಪಚುನಾವಣೆ ಬಂದದ್ದು ಹೀಗೆ. ಗೆದ್ದವರ ಕೈ ಯಾವ ಕಡೆ ಏಳುತ್ತದೋ ಲಿಫ್ಟಿನ ಹಣೆಬರಹ ಆ ಕಡೆ.

ನಮ್ಮೂರಿನ ಮತದಾರರ ಪಟ್ಟಿಯಲ್ಲಿ ಹೆಸರು, ವಯಸ್ಸು, ಮನೆ ನಂಬರ್ ಆದಮೇಲೆ ಪಕ್ಷ ಅಂತ ಒಂದು ಕಾಲಂ ಇರುತ್ತದೆ. ಹಳೆಯದು ಅಂತ ಬರೆಸಬಹುದು, ಹೊಸದು ಅಂತ ಬರೆಸಬಹುದು, ಖಾಲಿಯೂ ಬಿಡಬಹುದು. ಖಾಲಿ ಬಿಟ್ಟವರನ್ನು ಖಾಲಿ ಕಾಲಮಿನವರು ಅನ್ನುತ್ತಾರೆ. ಮಾಮೂಲಿ ಚುನಾವಣೆಯಲ್ಲಿ ಯಾರು ನಿಲ್ಲಬೇಕು ಎಂಬುದನ್ನು ಪಕ್ಷದವರು ತಮ್ಮ ತಮ್ಮಲ್ಲೇ ತೀರ್ಮಾನಿಸಿಕೊಂಡು, ಈ ಸಲ ನಿಮಗೆ ಬರುವ ಸಲ ನಮಗೆ ಅಂತ ಹಂಚಿಕೊಂಡು ಮುಗಿಸಿರುತ್ತಾರೆ. ನಾವು ಹೋಗಿ ಮಣ್ಣು ಮುಚ್ಚಿದ ಮೇಲೆ ಹೂವಿಟ್ಟು ಬರಬೇಕು, ಅಷ್ಟೇ. ಉಪಚುನಾವಣೆಗೆ ಮಾತ್ರ ಹಂಚಿಕೊಳ್ಳಲು ಸಮಯವೇ ಇರುವುದಿಲ್ಲ. ಆಗ ನಮ್ಮ ವೋಟಿಗೂ ಅವರ ವೋಟಿನಷ್ಟೇ ತೂಕ.

ನನಗೆ ಹದಿನೆಂಟಾದಾಗ ಅಪ್ಪ ಕಚೇರಿಗೆ ಕರೆದುಕೊಂಡು ಹೋಗಿ ಆ ಕಾಲಮಿನ ಮೇಲೆ ಬೆರಳಿಟ್ಟು, "ಇಲ್ಲಿ ಏನೂ ಬರೀಬೇಡ. ಬರೆದ್ರೆ ಆಮೇಲೆ ಅವರ ಹಿಂದೆ ಹೋಗ್ತಾ ಇರ್ಬೇಕಾಗುತ್ತೆ" ಅಂದಿದ್ದ. ಅಕ್ಕನಿಗೂ ಹಾಗೇ ಹೇಳಿದ್ದನಂತೆ. ನಮ್ಮನೆಯವರನ್ನು ಒಪ್ಪಿಕೊಳ್ಳುವಾಗಲೂ ಅಪ್ಪ ಮೊದಲು ವಿಚಾರಿಸಿದ್ದು ಅವರ ಕಾಲಮನ್ನೇ.

ಈ ಸಲ ನಿಂತವರು ಇಬ್ಬರು. ಹಳೆಯ ಪಕ್ಷದಿಂದ ಫರ್ನಿಚರ್ ಅಂಗಡಿಯವನು. ಬೀದಿಯಲ್ಲಿ ಅವನಿಗೆ ಸೋಫಾ ಅಂತಲೇ ಹೆಸರು. ಹೊಸ ಪಕ್ಷದಿಂದ ನಿವೃತ್ತ ಹೆಡ್‌ಮಿಸ್ಸು. ಆಕೆ ಅರ್ಧ ಊರಿಗೆ ಪಾಠ ಹೇಳಿದವರು. ನಾಲ್ಕನೆಯ ಕ್ಲಾಸಿನಲ್ಲಿ ನನ್ನನ್ನು ಒಂದು ವಾರ ಕಿಟಕಿಯ ಪಕ್ಕ ನಿಲ್ಲಿಸಿದ್ದರು. ಈಗಲೂ ಎದುರಿಗೆ ಯಾರು ಸಿಕ್ಕರೂ ಹೋಮ್‌ವರ್ಕ್ ತರದವರನ್ನು ನೋಡುವ ಹಾಗೇ ನೋಡುತ್ತಾರೆ. ಆದರೆ ಕೊಟ್ಟ ಮಾತಿಗೆ ತಪ್ಪಿದವರಲ್ಲ. ಗೆದ್ದ ಮೊದಲ ಸಭೆಯಲ್ಲೇ ಲಿಫ್ಟಿಗೆ ಕೈ ಎತ್ತುತ್ತೇನೆ ಅಂತ ನನ್ನ ಅಂಗಡಿಯಲ್ಲಿ ಕೂತು ಹೇಳಿ ಹೋದರು. ಸೋಫಾ ಕೂಡ ಬಂದಿದ್ದ. ಅವನು ನನ್ನ ಸ್ಟೂಲನ್ನು ಅಲುಗಾಡಿಸಿ ನೋಡಿ, ಇದರ ಒಂದು ಕಾಲು ಗಿಡ್ಡ ಅಂತ ಹೇಳಿ ಹೋದ.

ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ಪಕ್ಷದವರೂ ಹೆಚ್ಚು ಕಡಿಮೆ ನಾಲ್ಕುನೂರು ನಾಲ್ಕುನೂರು. ಖಾಲಿ ಕಾಲಮಿನವರು ಮೂವತ್ತೊಂದು. ಜನ್ಮದಲ್ಲಿ ಮೊದಲ ಸಲ ನಮ್ಮ ಕೈಗೆ ಏನೋ ಸಿಕ್ಕಿತ್ತು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಅಂಗಡಿಗೆ ಕರೆದೆ. ಇಸ್ತ್ರಿ ಮೇಜಿನ ಮೇಲೆ, ಬಟ್ಟೆ ಗಂಟುಗಳ ಮೇಲೆ, ಟ್ರಯಲ್ ಕೋಣೆಯ ಪರದೆಯ ಒಳಗೆ, ಎಲ್ಲೆಂದರಲ್ಲಿ ಜನ. ಇಪ್ಪತ್ತೆಂಟು ಜನ ಬಂದಿದ್ದರು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದ ನನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯದು.

ಮೊದಲ ಮುಕ್ಕಾಲು ಗಂಟೆ ಹೋದದ್ದು ಸಭೆಗೆ ಒಬ್ಬರು ಅಧ್ಯಕ್ಷರು ಬೇಕೋ ಬೇಡವೋ ಎಂಬುದಕ್ಕೆ. ಅಧ್ಯಕ್ಷರು ಇದ್ದರೆ ಅದು ಪಕ್ಷವಾಗಿಬಿಡುತ್ತದೆ ಅಂತ ಪಕ್ಕದಂಗಡಿಯ ಬೀಗದಣ್ಣ ಹಟ ಹಿಡಿದ. ಬೀಗ ರಿಪೇರಿ ಮಾಡಿ ಮಾಡಿ ಅವನಿಗೆ ಯಾವ ಮಾತು ಕೇಳಿದರೂ ಅದರೊಳಗೆ ಇನ್ನೊಂದು ಬೀಗ ಇದೆ ಅನ್ನಿಸುತ್ತದೆ. ಆಮೇಲೆ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ ತಾತ ಎದ್ದು ನಿಂತ. ಅವನನ್ನು ನಾವು ತಿದ್ದುಪಡಿ ತಾತ ಅನ್ನುವುದು. ಇಬ್ಬರ ಕರಪತ್ರವನ್ನೂ ಕೆಂಪು ಪೆನ್ಸಿಲ್ ಹಿಡಿದು ಓದಿ, ಒಂದೊಂದು ಭರವಸೆಗೂ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿಕೊಂಡು ಬಂದಿದ್ದ. ಚರಂಡಿಯ ವಿಷಯದಲ್ಲಿ ಸೋಫಾಗೆ ಆರು, ಬೀದಿದೀಪದಲ್ಲಿ ಹೆಡ್‌ಮಿಸ್ಸಿಗೆ ಐದೂವರೆ. ಆ ಅರ್ಧ ಅಂಕ ಯಾಕೆ ಅಂತ ಯಾರೋ ಕೇಳಿದರು. ಕೇಳಿದವರ ಬಾಯಿಗೆ ಗುಂಡಿ ಹಾಕಿ ಹೊಲಿಯಬೇಕು ಅನ್ನಿಸಿತು ನನಗೆ.

ಕೈ ಎತ್ತಿ ಒಪ್ಪಿಗೆ ಕೊಡುವುದು ನಮ್ಮಂಥವರಿಗೆ ತರವೇ ಅಂತ ಮತ್ತೊಂದು ಚರ್ಚೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವುದನ್ನು ಕೇಳಿದ್ದೆ. ಇಲ್ಲಿ ಇಪ್ಪತ್ತೆಂಟೂ ಕೋಣಗಳೇ, ನೀರೂ ಇಪ್ಪತ್ತೆಂಟು ದಿಕ್ಕಿನಲ್ಲಿ. ಎರಡೂವರೆ ಗಂಟೆ ಗಂಟಲು ಹರಿದುಕೊಂಡೆ. ಲಿಫ್ಟ್ ಅಂದರೆ ಬರೀ ಲಿಫ್ಟಲ್ಲ ಅಂದೆ, ಮುದುಕರಿದ್ದಾರೆ ಅಂದೆ, ಬಸುರಿಯರಿದ್ದಾರೆ ಅಂದೆ. ಅಕ್ಕನ ಹೆಸರು ಮಾತ್ರ ಎತ್ತಲಿಲ್ಲ. ನನ್ನ ಹೆಸರು ಹೇಳಿ ಭಿಕ್ಷೆ ಬೇಡಬೇಡ ಅಂತ ಅವಳು ಬೆಳಿಗ್ಗೆಯೇ ಹೇಳಿದ್ದಳು.

ಆಗ ತಾತನಿಗೆ ಕೆಮ್ಮು ಹತ್ತಿತು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಅಕ್ಕ ಎದ್ದಳು. ನಲ್ಲಿ ಇರುವುದು ಅಂಗಡಿಯ ಹಿಂದಿನ ತುದಿಯಲ್ಲಿ, ಮೂರು ಮೆಟ್ಟಿಲು ಮೇಲೆ. ಅವಳು ಇಸ್ತ್ರಿ ಮೇಜಿನ ಅಂಚು ಹಿಡಿದು, ಗೋಡೆ ಹಿಡಿದು, ಬಲಗಾಲಿಟ್ಟು ಎಡಗಾಲು ಎಳೆದು ಆ ಮೂರು ಮೆಟ್ಟಿಲು ಹತ್ತಿದಳು. ಲೋಟ ತುಂಬಿಕೊಂಡು ಇಳಿದಳು. ನೀರು ಒಂದಿಷ್ಟು ಚೆಲ್ಲಿತು. ಅಷ್ಟು ಹೊತ್ತೂ ಎಲ್ಲರ ಕಣ್ಣು ಅವಳ ಕಾಲಿನ ಮೇಲೇ. ತಾತ ನೀರು ಕುಡಿದು, ಕೆಂಪು ಪೆನ್ಸಿಲನ್ನು ಜೇಬಿಗಿಟ್ಟುಕೊಂಡು ಕೈ ಎತ್ತಿದ. ಬೀಗದಣ್ಣ ಎತ್ತಿದ. ನೋಡುತ್ತಿದ್ದ ಹಾಗೆ ಇಪ್ಪತ್ತೆಂಟು ಕೈಗಳೂ ಮೇಲೆ ಬಂದವು. ಬಾರದ ಮೂವರ ಮನೆಗೆ ಆ ಸಂಜೆಯೇ ಹೋಗಿ ಮಾತು ತೆಗೆದುಕೊಂಡು ಬಂದೆ.

ಮತದಾನ ಹಳಿಯ ಆಚೆಯ ಶಾಲೆಯಲ್ಲಿ. ಲಿಫ್ಟಿಗಾಗಿ ವೋಟು ಹಾಕಬೇಕಾದರೂ ಎಪ್ಪತ್ತೆರಡು ಮೆಟ್ಟಿಲು ಹತ್ತಿಯೇ ಹೋಗಬೇಕು. ಇಂಥ ಏರ್ಪಾಟು ಮಾಡಿದವರ ಕಾಲಿಗೆ ಬೀಳಬೇಕು. ಅಕ್ಕನಿಗೆ ಅವತ್ತು ವಾರದ ರಜೆ. ತಾನು ನಿಧಾನ ಅಂತ ಒಂಬತ್ತಕ್ಕೇ ಹೊರಟಳು. ನಾನು ಹನ್ನೊಂದಕ್ಕೆ ಅಂಗಡಿ ಮುಚ್ಚಿ, ನನ್ನ ಒಳ್ಳೆಯ ಉಣ್ಣೆ ಕೋಟು ಹಾಕಿಕೊಂಡು ಹೊರಟೆ. ಆ ಕೋಟಿಗೆ ಹನ್ನೆರಡು ವರ್ಷ. ಕಾಲರು ಸವೆದಾಗ ಒಳಗು ಹೊರಗು ಮಾಡಿ ನಾನೇ ಹೊಲಿದುಕೊಂಡದ್ದು. ಒಂದು ನೂಲು ಕೂಡ ಎದ್ದಿರಲಿಲ್ಲ.

ಶಾಲೆಯ ಗೇಟಿನ ಹೊರಗೆ ಹೆಡ್‌ಮಿಸ್ಸು ನಿಂತಿದ್ದರು. ಕೈಯಲ್ಲಿ ತಮ್ಮ ಪಕ್ಷದ ನೀಲಿ ರಿಬ್ಬನ್ನುಗಳ ಡಬ್ಬಿ. ನನ್ನನ್ನು ಕಂಡಿದ್ದೇ, ಬಾ ಅನ್ನಲಿಲ್ಲ, ಬೇಕಾ ಅಂತ ಕೇಳಲಿಲ್ಲ, ಕೋಟಿನ ಎದೆಗೆ ರಿಬ್ಬನ್ ಒತ್ತಿ ಪಿನ್ನು ಚುಚ್ಚಿಯೇ ಬಿಟ್ಟರು. ಪಿನ್ನು ಚುಚ್ಚುವುದಕ್ಕೂ ಒಂದು ಕ್ರಮ ಇದೆ. ನೇಯ್ಗೆಯ ಜೊತೆ ಹೋಗಬೇಕು, ನೇಯ್ಗೆಗೆ ಎದುರು ಹೋಗಬಾರದು. ಆಕೆ ಅಡ್ಡಡ್ಡ ಎಳೆದರು. ನೂಲು ಕಿತ್ತ ಸದ್ದು ನನ್ನ ಕಿವಿಗೇ ಕೇಳಿಸಿತು.

"ನಿಮ್ಮ ಖಾಲಿ ಜನ ಈಗ ಖಾಲಿ ಅಲ್ಲ ಅಂತ ನಮ್ಮ ಆಫೀಸಿಗೆ ಹೇಳಿ ಆಯ್ತು," ಅಂದರು. "ಮೂವತ್ತೊಂದೂ ನಮ್ಮದೇ. ಮುಂದಿನ ವಾರ ಬಂದು ಕಾಲಂ ತುಂಬಿಸ್ಕೊಂಡು ಹೋಗ್ತೀನಿ, ಎಲ್ಲರನ್ನೂ ಒಂದು ಕಡೆ ಕೂರ್ಸಿರು."

ಹೇಳಿ ನನ್ನ ಭುಜ ತಟ್ಟಿ, ಹಿಂದೆ ಬರುತ್ತಿದ್ದವರ ಕಡೆ ತಿರುಗಿದರು. ನಾಲ್ಕನೆಯ ಕ್ಲಾಸಿನ ಕಿಟಕಿಯ ಪಕ್ಕ ನಿಂತವಳು ನಾನು ಮತ್ತೆ. ಕಿವಿಯ ತುದಿಯವರೆಗೆ ಬಿಸಿ ಏರಿತು. ಎರಡೂವರೆ ಗಂಟೆ ಗಂಟಲು ಹರಿದುಕೊಂಡು, ಮೂರು ಮನೆ ಅಲೆದು, ಒಬ್ಬೊಬ್ಬರಿಗೂ ಸಮಾಧಾನ ಹೇಳಿ ನಾನು ಜನ ಸೇರಿಸಿದ್ದು ಇವರ ಡಬ್ಬಿಯಲ್ಲಿ ರಿಬ್ಬನ್ ಆಗುವುದಕ್ಕೇ? ಅಪ್ಪ ಬೆರಳಿಟ್ಟು ತೋರಿಸಿದ ಕಾಲಮನ್ನು ಇವರು ಬಂದು ತುಂಬಿಸುತ್ತಾರಂತೆ. ರಿಬ್ಬನ್ ಬಿಚ್ಚಿ ಜೇಬಿಗೆ ತುರುಕಿಕೊಂಡು ಒಳಗೆ ನಡೆದೆ.

ಒಳಗೆ ಮೂರು ಮೇಜು, ಮೂರು ಡಬ್ಬಿ. ಹಳೆಯದು, ಹೊಸದು, ಖಾಲಿ ಅಂತ ಪಟ್ಟಿಯ ಭಾಗ ಮೂರು ಇರುವುದರಿಂದ ಡಬ್ಬಿಯೂ ಬೇರೆ ಬೇರೆ, ಎಣಿಕೆಯೂ ಬೇರೆ ಬೇರೆ. ಮೂರನೆಯದು ನಮ್ಮದು. ಚೀಟಿ ಇಸಿದುಕೊಂಡು ಪರದೆಯ ಹಿಂದೆ ಹೋದೆ. ಎರಡು ಹೆಸರು, ಎರಡು ಚೌಕ, ಒಂದು ಮೊಹರು, ಒಣಗಿಹೋದ ಶಾಯಿ ಪ್ಯಾಡು. ಮೊಹರನ್ನು ಹೆಡ್‌ಮಿಸ್ಸಿನ ಚೌಕದ ಮೇಲೆ ಹಿಡಿದೆ. ಆಕೆ ತಟ್ಟಿದ ಭುಜ ಇನ್ನೂ ಉರಿಯುತ್ತಿತ್ತು. ಮೂವತ್ತು ವೋಟು ಬೀಳುತ್ತದೆ, ಸಾಕು, ಗೆಲ್ಲುತ್ತಾರೆ ಅಂದುಕೊಂಡೆ. ಲಿಫ್ಟಿಗೆ ಏನೂ ಮೋಸವಿಲ್ಲ. ಆದರೆ ಮೂವತ್ತೊಂದೂ ನಮ್ಮದೇ ಅಂತ ಈಕೆ ಊರ ತುಂಬ ಹೇಳಿಕೊಂಡು ತಿರುಗುವ ಹಾಗಾಗಬಾರದು. ಎಣಿಸುವಾಗ ಒಂದು ಕಡಿಮೆ ಬರಲಿ. ಒಂದೇ ಒಂದು. ಮೊಹರನ್ನು ಅಲ್ಲೇ ಇಟ್ಟು, ಚೀಟಿಯನ್ನು ಖಾಲಿಯಾಗಿಯೇ ಮಡಿಸಿ ಡಬ್ಬಿಗೆ ಹಾಕಿದೆ.

ಹೊರಗಿನ ಬೆಂಚಿನ ಮೇಲೆ ಅಕ್ಕ ಕಾಲು ನೀಡಿ ಕೂತಿದ್ದಳು. ಹತ್ತಿ ಬಂದ ಆಯಾಸ ಇನ್ನೂ ಮುಖದಲ್ಲಿತ್ತು, ಆದರೂ ನಗುತ್ತಿದ್ದಳು. ಆಯ್ತಾ ಅಂತ ಕೇಳಿದಳು. ಆಯ್ತು ಅಂದೆ. ನಿನ್ನ ಕೋಟಿನಲ್ಲಿ ನೂಲು ಎದ್ದಿದೆಯಲ್ಲೇ ಅಂತ ಬೆರಳಿನಿಂದ ಸವರಿದಳು. ಸರಿಮಾಡ್ಕೊತೀನಿ ಬಿಡು ಅಂದೆ.

ಸಂಜೆ ಐದಕ್ಕೆ ಎಣಿಕೆ ಮುಗಿದು ಶಾಲೆಯ ಬಾಗಿಲಿಗೆ ಹಾಳೆ ಅಂಟಿಸಿದರು. ಕತ್ತಿನಲ್ಲಿ ಟೇಪು ನೇತಾಡುತ್ತಿದ್ದ ಹಾಗೇ ಸೇತುವೆ ಹತ್ತಿ ಓಡಿದೆ. ಎರಡು ಪಕ್ಷದ ಡಬ್ಬಿಗಳನ್ನು ಕೂಡಿಸಿದರೆ ಹೆಡ್‌ಮಿಸ್ಸು ಎಂಟು ವೋಟು ಹಿಂದೆ. ಅದು ಗೊತ್ತಿದ್ದದ್ದೇ. ಮೂರನೆಯ ಡಬ್ಬಿಯ ಸಾಲಿಗೆ ಬೆರಳಿಟ್ಟು ಓದಿದೆ. ಹೆಡ್‌ಮಿಸ್ಸಿಗೆ ಹದಿಮೂರು. ಸೋಫಾಗೆ ಎಂಟು. ಏನೂ ಗುರುತು ಹಾಕದ ಚೀಟಿ ಹತ್ತು.

ಮತ್ತೆ ಓದಿದೆ. ಹಾಳೆಯಲ್ಲಿ ತಪ್ಪಿರಬೇಕು ಅಂತ ಗುಮಾಸ್ತನನ್ನು ಹಿಡಿದು ಕೇಳಿದೆ. ಅವನು ಮೂರು ಸಲ ಎಣಿಸಿದ್ದೇವೆ ತಾಯಿ ಅಂದ. ಮೂರು ವೋಟಿನಿಂದ ಸೋಫಾ ಗೆದ್ದಿದ್ದ.

ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಚೀಟಿ ನನಗೆ ಮರೆತೇಹೋಯಿತು ಅಂದರೆ ನಂಬುತ್ತೀರಾ? ಮರೆತಿರಲಿಲ್ಲ. ಆದರೆ ಹತ್ತರಲ್ಲಿ ಅದು ಒಂದು. ಉಳಿದ ಒಂಬತ್ತು ಯಾರವು, ಆ ಎಂಟು ಯಾರವು ಎಂಬ ಸಿಟ್ಟಿನಲ್ಲಿ ಅದನ್ನು ಒಳಗೆ ತಳ್ಳಿಬಿಟ್ಟೆ. ಕೈ ಎತ್ತಿದವರು ತಾನೇ ಇವರೆಲ್ಲ. ನೀರು ಚೆಲ್ಲಿದ್ದನ್ನು ನೋಡಿದವರು ತಾನೇ.

ಮೊದಲು ಸಿಕ್ಕಿದವನು ಬೀಗದಣ್ಣ. ಅಂಗಡಿಯಲ್ಲಿ ಯಾವುದೋ ಪೆಟ್ಟಿಗೆಯ ಬೀಗವನ್ನು ಅರದಿಂದ ಉಜ್ಜುತ್ತಿದ್ದ. ಯಾರಿಗೆ ಹಾಕಿದೆ ಅಂತ ನೇರ ಕೇಳಿದೆ. ಅರ ಕೆಳಗಿಟ್ಟು ತಲೆ ಬಗ್ಗಿಸಿದ.

"ಸೋಫಾಗೆ," ಅಂದ. "ನೋಡಮ್ಮ, ಮೂವತ್ತೊಂದಕ್ಕೆ ಮೂವತ್ತೊಂದೂ ಒಂದೇ ಕಡೆ ಬಿದ್ರೆ ನಾವೂ ಒಂದು ಪಕ್ಷ ಅಂತ ಆಗ್ಬಿಡಲ್ವಾ? ಮೂವತ್ತು ಹೇಗೂ ಬೀಳುತ್ತೆ, ನಂದೊಂದು ಆ ಕಡೆ ಇರ್ಲಿ ಅಂತ. ನನ್ನೊಬ್ಬನ ವೋಟಿಂದ ಏನಾಗ್ತಿತ್ತು ಹೇಳು, ಮೂರರಲ್ಲಿ ಸೋತಿದಾರೆ."

ಅವನಿಗೆ ಏನೆಲ್ಲ ಅಂದೆನೋ ನನಗೇ ನೆನಪಿಲ್ಲ. ಊರಿನ ಬೀಗವೆಲ್ಲ ತೆಗೆಯುವವನ ತಲೆಗೆ ಜಡಿದ ಬೀಗ ತೆಗೆಯುವವರಿಲ್ಲ ಅಂದದ್ದು ನೆನಪಿದೆ. ಬೀದಿಯವರು ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದರು.

ಅಲ್ಲಿಂದ ತಿದ್ದುಪಡಿ ತಾತನ ಮನೆಗೆ. ತಾತ ಕುರ್ಚಿಯಲ್ಲಿ ಕೂತು, ನಾನು ಬರುವುದನ್ನೇ ಕಾಯುತ್ತಿದ್ದವನಂತೆ ಎರಡು ಕರಪತ್ರಗಳನ್ನೂ ನನ್ನ ಮುಂದೆ ಹಿಡಿದ. ಅಂಕ ಕೂಡಿಸಿದರೆ ಇಬ್ಬರಿಗೂ ಸಮ ಬಂತಂತೆ. ಸಮ ಬಂದಮೇಲೆ ಒಬ್ಬರಿಗೆ ಹಾಕುವುದು ಅನ್ಯಾಯ, ಅದಕ್ಕೆ ಖಾಲಿ ಬಿಟ್ಟನಂತೆ. ಹಾಗಾದರೆ ಅವತ್ತು ಕೈ ಯಾಕೆ ಎತ್ತಿದಿರಿ ಅಂತ ಕೂಗಿದೆ. "ಕೈ ಎತ್ತಿದ್ದು ನಿಮ್ಮಕ್ಕನಿಗೆ, ಮಗಳೇ. ಅದು ಸುಳ್ಳಲ್ಲ," ಅಂದ ತಾತ. ಅವನ ಕಣ್ಣು ಒದ್ದೆಯಾಗಿತ್ತು. ಉಳಿದವರೆಲ್ಲ ಹಾಕುತ್ತಾರೆ ಅಂತ ಅವನೂ ನಂಬಿದ್ದನಂತೆ. ಕಣ್ಣು ಒದ್ದೆ ಮಾಡಿಕೊಂಡವರನ್ನು ಬೈಯುವುದು ಹೇಗೆ ಅಂತ ನನಗೆ ಗೊತ್ತಿಲ್ಲ. ಬಾಗಿಲು ದಡಾರನೆ ಎಳೆದುಕೊಂಡು ಬಂದೆ.

ಮನೆಗೆ ಬಂದರೆ ನಮ್ಮನೆಯವರು ಅಡುಗೆ ಕೋಣೆಯಲ್ಲಿ ಬಿಸಿನೀರು ಕಾಯಿಸುತ್ತಿದ್ದರು. ಇವರನ್ನು ಕೇಳುವುದೇನು ಅಂದುಕೊಂಡೇ ಕೇಳಿದೆ. ಸೋಫಾಗೆ ಅಂದರು. ನಮ್ಮ ಡಬ್ಬಿಯಿಂದ ಅವನಿಗೆ ಸೊನ್ನೆ ಬಂದರೆ ಪಾಪ ಮನುಷ್ಯನಿಗೆ ಬೇಜಾರಾಗುತ್ತದೆ, ದಿನಾ ಬ್ರೆಡ್ಡು ತೆಗೆದುಕೊಂಡು ಹೋಗುವವನು, ಒಂದಾದರೂ ಇರಲಿ ಅಂತ ಹಾಕಿದರಂತೆ. ಬೇರೆ ಮೂವತ್ತು ಇದೆಯಲ್ಲ ಅಂದುಕೊಂಡರಂತೆ. ಇಂಥ ಮನುಷ್ಯನ ಜೊತೆ ಹತ್ತೊಂಬತ್ತು ವರ್ಷ ಬಾಳಿದ್ದೇನೆ. ದೇವರು ಇವರಿಗೆ ಕರುಣೆಯನ್ನು ಸೇರಿನಲ್ಲಿ ಅಳೆದು ಕೊಟ್ಟ, ಬುದ್ಧಿ ಕೊಡುವ ಹೊತ್ತಿಗೆ ಅಂಗಡಿ ಮುಚ್ಚಿದ ಅಂದೆ. ಅತ್ತಿಗೆಗೆ ಮುಖ ಹೇಗೆ ತೋರಿಸಲಿ ಅಂತ ಅವರು ಒಲೆಯ ಕಡೆಗೇ ತಿರುಗಿ ನಿಂತರು.

"ನೀನಾದ್ರೂ ಹಾಕಿದೆಯಲ್ಲ, ಬಿಡು," ಅಂದರು ಆಮೇಲೆ.

ಒಬ್ಬೊಬ್ಬರ ಬಾಯಿಂದಲೂ ನನ್ನ ಮಾತೇ ಬಂದಿತ್ತು. ಮೂವತ್ತು ಹೇಗೂ ಬೀಳುತ್ತದೆ. ನನ್ನದೊಂದರಿಂದ ಏನಾಗುತ್ತದೆ. ಲೆಕ್ಕ ಹಾಕಿದರೆ ಪ್ರತಿಯೊಬ್ಬರ ಮಾತೂ ನಿಜ, ನನ್ನದೂ ನಿಜ. ನಾನು ಹಾಕಿದ್ದರೂ ಎರಡು ವೋಟಿನಿಂದ ಸೋಲುತ್ತಿದ್ದರು. ಆ ನಿಜವನ್ನು ತೆಗೆದುಕೊಂಡು ಏನು ಮಾಡಲಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ನನಗೇ ಎಷ್ಟು ಸಲ ಹೇಳಿರಲಿಲ್ಲ ಅಮ್ಮ.

ಅಕ್ಕ ತನ್ನ ಕೋಣೆಯಲ್ಲಿ ಬಿಸಿನೀರಿನ ಚೀಲವನ್ನು ಸೊಂಟಕ್ಕೆ ಒತ್ತಿಕೊಂಡು ಮಲಗಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ನಾನು ಬಾಗಿಲಲ್ಲಿ ನಿಂತು ಎಲ್ಲರನ್ನೂ ಬೈದೆ. ಹೆಸರು ಹಿಡಿದು ಹಿಡಿದು ಬೈದೆ. ಒಂದು ಹೆಸರು ಮಾತ್ರ ಬಿಟ್ಟೆ. ಅವಳು ಎಲ್ಲ ಕೇಳಿಸಿಕೊಂಡು, ಹೋಗಿ ಊಟ ಮಾಡು, ಗಂಟಲು ಕಟ್ಟಿಹೋಗಿದೆ ಅಂದಳು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಅವಳು ಹೊರಟಾಗ ನಾನೂ ಹೊರಟೆ. ಅವಳ ಊಟದ ಚೀಲವನ್ನು ನಾನೇ ತೆಗೆದುಕೊಂಡೆ. ಬೇಡ ಅನ್ನಲಿಲ್ಲ. ಲಿಫ್ಟಿನ ಬೋರ್ಡಿನ ಮುಂದೆ ಹಾದು ಮೆಟ್ಟಿಲಿಗೆ ಬಂದೆವು. ಅವಳು ಎರಡು ಕೈಯಲ್ಲೂ ಕಂಬಿ ಹಿಡಿದು ಶುರುಮಾಡಿದಳು. ಬಲಗಾಲು, ಎಡಗಾಲು, ಉಸಿರು. ನಾನು ಒಂದು ಮೆಟ್ಟಿಲು ಹಿಂದೆ. ನಮ್ಮನ್ನು ದಾಟಿಕೊಂಡು ಜನ ದಡದಡ ಹತ್ತಿಹೋಗುತ್ತಿದ್ದರು. ಅವರಲ್ಲಿ ಒಬ್ಬಿಬ್ಬರು ನಮ್ಮ ಖಾಲಿ ಕಾಲಮಿನವರು; ನಮ್ಮನ್ನು ಕಂಡು ಮುಖ ಆ ಕಡೆ ತಿರುಗಿಸಿಕೊಂಡರು.

ಮೂವತ್ತಾರು ಮೆಟ್ಟಿಲಾದ ಮೇಲೆ ನಿಲ್ಲಲು ಒಂದು ಚಪ್ಪಡಿ ಜಾಗ ಇದೆ. ಅಲ್ಲಿ ಅಕ್ಕ ಕಂಬಿಗೆ ಒರಗಿ ನಿಂತಳು. ಹಣೆಯ ಬೆವರು ಒರೆಸಿಕೊಂಡು ನನ್ನ ಮುಖ ನೋಡಿ, "ಯಾಕೆ ಹಂಗೆ ಸೊರಗಿದೀಯ? ಅವರನ್ನೆಲ್ಲ ಬೈಬೇಡ ಕಣೇ ಇನ್ನು," ಅಂದಳು. "ಹದಿಮೂರು ಜನ ಹಾಕಿದಾರೆ. ಅಷ್ಟು ಸಿಗುತ್ತೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ನಂಗೆ ಗ್ಯಾರಂಟಿ ಇದ್ದಿದ್ದು ಎರಡೇ ವೋಟು. ನಂದು, ನಿಂದು."

ಕೆಳಗೆ ರೈಲೊಂದು ಹೋಯಿತು. ಅದು ಪೂರ್ತಿ ಹೋಗುವವರೆಗೂ ಕ್ಷಮಿಸು ಅನ್ನುವ ಒಂದು ಮಾತನ್ನು ಹುಡುಕಿದೆ. ಸಿಗಲಿಲ್ಲ.

"ಅಕ್ಕ, ನಂದೂ ಖಾಲಿ," ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಹೇಳಿದೆ. ಗೇಟಿನ ಹತ್ತಿರ ಹೆಡ್‌ಮಿಸ್ಸು ಅಂದದ್ದು, ಪಿನ್ನು ಚುಚ್ಚಿದ್ದು, ನನ್ನ ತಲೆಗೆ ಏರಿದ್ದು, ಮೂವತ್ತು ಸಾಕು ಅಂದುಕೊಂಡದ್ದು. ಹೇಳುತ್ತ ಹೇಳುತ್ತ ನನಗೇ ಕೇಳಲು ನಾಚಿಕೆಯಾಯಿತು. ಅವಳು ಬೈಯಲಿ ಅಂತ ಕಾದೆ. ಜೀವಮಾನದಲ್ಲಿ ಅವಳು ನನ್ನನ್ನು ಬೈದದ್ದಿಲ್ಲ, ಇವತ್ತಾದರೂ ಬೈದುಬಿಡಲಿ ಅನ್ನಿಸಿತು.

ಅವಳು ನನ್ನ ಕೋಟಿನ ಎದೆಯನ್ನು ನೋಡಿದಳು. ನೂಲು ಕಿತ್ತ ಜಾಗವನ್ನು ನಾನು ಹಿಂದಿನ ಸಂಜೆಯೇ ಸೂಜಿಯಿಂದ ಒಳಗೆ ಎಳೆದು ಸರಿಮಾಡಿದ್ದೆ. ಎಲ್ಲಿ ಕಿತ್ತಿತ್ತು ಅಂತ ಗೊತ್ತೂ ಆಗುತ್ತಿರಲಿಲ್ಲ.

"ಚೀಲ ಕೊಡು," ಅಂದಳು.

ಕೊಟ್ಟೆ. ಅದನ್ನು ಹೆಗಲಿಗೆ ಹಾಕಿಕೊಂಡು ಕಂಬಿ ಹಿಡಿದಳು. ನಾನು ಹೆಜ್ಜೆ ಎತ್ತಿದ್ದಕ್ಕೆ, ತಿರುಗದೆಯೇ, ಅಂಗಡಿ ತೆಗಿ ಹೋಗು, ಹೊತ್ತಾಯ್ತು ಅಂದಳು. ಅಲ್ಲೇ ನಿಂತೆ. ಉಳಿದ ಮೂವತ್ತಾರು ಮೆಟ್ಟಿಲನ್ನು ಅವಳು ಒಂದೊಂದಾಗಿ ಹತ್ತಿದಳು. ಚೀಲ ಜಾರಿದಾಗಲೆಲ್ಲ ಒಂದು ಕೈ ಬಿಟ್ಟು ಮೇಲಕ್ಕೆ ಎಳೆದುಕೊಳ್ಳಬೇಕಾಗುತ್ತಿತ್ತು. ಎಂಟು ಸಲ ಎಳೆದುಕೊಂಡಳು.